ದಾಳಿಂಬೆ ಗಿಡದ ಗೂಡು

“ಒದ್ದಿ ಬಟ್ಟಿ ಗೂಡಿನ ಹತ್ರ ಝಾಡಿಸಬ್ಯಾಡ ಅಂತ ಎಷ್ಟ ಸಲ ಹೇಳಿದ್ದೆ? ಹಕ್ಕಿ ಹೆದರಿ ಹಾರಿಹೋತು, ಮರಿ ಸತ್ತವು. ಹೊಟ್ಟ್ಯಾಗ ಒಂದ ಜೀವ ಇಟ್ಕೊಂಡು ಎರಡು ಜೀವ ತಗದಿ!” ಬಿಬಿಜಾನ ಬಸುರಿ ಸೊಸೆ ಫಿಜಾಳನ್ನು ಬೈಯುತ್ತಿರುವಾಗಲೇ ಪಕ್ಕದ ಮನೆಯ ಹನಮೇಶ ಫೋಟೋ ಹಿಡಿದು ಹಿತ್ತಲಿಗೆ ಬಂದ. ಫೋಟೋ ನೋಡಬೇಕೆಂದು ಕೇಳಿದವಳೂ ಬಿಬಿಜಾನಳೇ.

ಇಪ್ಪತ್ತು ವರ್ಷ ಬರೀ ಮದುವೆ ಫೋಟೋ ತೆಗೆದವನು ಅವನು. ತನಗೆಂದು ತೆಗೆದುಕೊಂಡದ್ದು ಇದೊಂದೇ: ನಡುಗೋಡೆಗೆ ಒರಗಿದ ಬಿಬಿಜಾನಳ ದಾಳಿಂಬೆ ಗಿಡದಲ್ಲಿ ಬುಲಬುಲ್ ಹಕ್ಕಿಯ ಗೂಡು, ಬಾಯಿ ತೆರೆದ ಎರಡು ಮರಿ. ಬೆಳಕು ಸಾಲದೆಂದು ಗೂಡಿನ ಮೇಲಿದ್ದ ಟೊಂಗೆಗಳನ್ನು ಯಾರಿಗೂ ಹೇಳದೆ ತನ್ನ ಕಡೆಯಿಂದ ತಾನೇ ಕತ್ತರಿಸಿದ್ದ. ಏಪ್ರಿಲ್ ಬಿಸಿಲು ನೆಟ್ಟಗೆ ಬಿತ್ತು. ಸಂಜೆಯೊಳಗೆ ಮರಿಗಳು ಸತ್ತಿದ್ದವು. ನಾಲ್ಕು ದಿನದಿಂದ ಗೋಡೆಯಾಚೆ ಈ ಬೈಗುಳ ಕೇಳುತ್ತ ಬಾಯಿ ಮುಚ್ಚಿಕೊಂಡು ಕೂತಿದ್ದ.

ಫೋಟೋ ಮೊದಲು ಫಿಜಾಳ ಕೈಗೆ ಹೋಯಿತು. ಅವಳ ಕಣ್ಣು ಮೂಲೆಯೊಂದರಲ್ಲಿ ನಿಂತಿತು. ಆಗಷ್ಟೇ ಕತ್ತರಿಸಿದ ಟೊಂಗೆಗಳ ತುದಿ ಅಲ್ಲಿ ಬೆಳ್ಳಗೆ ಕಾಣುತ್ತಿತ್ತು. ಅವಳು ಹನಮೇಶನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ.

“ತಾ ಇಲ್ಲೆ, ನಾನೂ ನೋಡ್ತೇನಿ,” ಎಂದಳು ಅತ್ತೆ. ಫಿಜಾ ಆ ಮೂಲೆಯ ಮೇಲೆ ಹೆಬ್ಬೆರಳಿಟ್ಟು, ಫೋಟೋ ಕೈಬಿಡದೆ ಹಿಡಿದು ತೋರಿಸಿದಳು.

“ಭಾಳ ಛಲೋ ಬಂದೈತ್ರಿ, ಹನಮೇಶಣ್ಣಾ,” ಎಂದಳು ಬಿಬಿಜಾನ. “ಈ ಪಾಪಿ ಬಟ್ಟಿ ಝಾಡಿಸೂಕಿಂತ ಮೊದಲ ತಗದ್ರಿ, ಪುಣ್ಯಾ ಬಂತು ನಿಮಗ.”

“ಬೆರಳು ತಗಿಯವಾ ಫಿಜಾ,” ಎಂದ ಹನಮೇಶ. “ನಿಮ್ಮತ್ತಿ ಪೂರಾ ನೋಡ್ಲಿ.”