ತಾತನ ಪಾಲಿನ ಕೋಳಿ

"ಇಬ್ಬರಲ್ಲಿ ಒಬ್ಬ ನಿನ್ನ ತಾತ ಗುಂಡೇಗೌಡ ಕಣಪ್ಪಾ. ಇನ್ನೊಬ್ಬ ಸಣ್ಣಸ್ವಾಮಿ. ಯಾವುದು ಯಾರ ಗೋರಿ ಅಂತ ಮಾತ್ರ ನನ್ನ ಕೇಳಬೇಡ," ಎಂದು ಆ ಊರಿನ ಮುದುಕಿ ಕಾಳಮ್ಮಜ್ಜಿ ಗದ್ದೆಯ ನಟ್ಟನಡುವೆ ನಿಂತಿದ್ದ ಎರಡು ಕಲ್ಲುಗಳತ್ತ ಕೋಲು ಚಾಚಿದಳು.

ಸಿದ್ದರಾಜುವಿನ ಮುಖ ಇಳಿದುಹೋಯಿತು. ಮಗಳಿಗೆ ಬಂದ ಸಂಬಂಧಗಳೆಲ್ಲ ಒಂದರ ಹಿಂದೊಂದು ಮುರಿಯುತ್ತಿದ್ದವು. ಹಸಿದ ಹಿರಿಯರೊಬ್ಬರು ಅಡ್ಡ ಕೂತಿದ್ದಾರೆ, ಅವರ ಮಣ್ಣು ಹುಡುಕಿ ಎಡೆ ಇಡಿ ಎಂದು ಕಣಿ ಹೇಳುವವಳು ಹೇಳಿದ್ದಳು. ಅದಕ್ಕೇ, ಅಪ್ಪನ ಕಾಲದಲ್ಲೇ ಬಿಟ್ಟುಬಂದಿದ್ದ ಕೊಡ್ಲಿಪೇಟೆಗೆ ಗಂಡ ಹೆಂಡತಿ ಕುಶಾಲನಗರದಿಂದ ಬಸ್ಸು ಹತ್ತಿದ್ದರು. ಕೋಳಿ ಸಾರಿನ ಪಾತ್ರೆ ದಾರಿಯುದ್ದಕ್ಕೂ ಕಾಮಾಕ್ಷಮ್ಮನ ಮಡಿಲಲ್ಲೇ ಇತ್ತು. ಯಾರಿಗಮ್ಮಾ ಎಂದು ಕಂಡಕ್ಟರು ಕೇಳಿದಾಗ, "ನಮ್ಮ ಮಾವನ ಅಪ್ಪನಿಗೆ," ಎಂದಿದ್ದಳು. "ಆಯಸ್ಸು ಗಟ್ಟಿ ಬಿಡಿ," ಎಂದಿದ್ದ ಆತ.

"ಇಬ್ಬರನ್ನೂ ಒಂದೇ ಕಡೆ ಯಾಕಜ್ಜಿ ಹೂತರು?" ಎಂದಳು ಕಾಮಾಕ್ಷಮ್ಮ.

"ಬದುವಿನ ಜಗಳ ಕಣವ್ವ. ಮಡಿಕೇರಿ ಕೋರ್ಟಿಗೂ ಹೋಗಿ ಬಂದ್ರು. ನಿಮ್ಮೋನು ಸಾಯೋವಾಗ, ನನ್ನ ಬದುವಿನ ಮೇಲೇ ಹೂಳಿ, ಅವನು ಹೆಂಗೆ ಒತ್ತುತ್ತಾನೋ ನೋಡ್ತೀನಿ ಅಂದ. ಸಣ್ಣಸ್ವಾಮೀನೂ ಅದೇ ಮಾತಂದು ಪಕ್ಕದಲ್ಲೇ ಬಂದು ಮಲಗಿದ. ಆಮೇಲೆ ಎರಡೂ ಗದ್ದೆ ಒಬ್ಬನೇ ಕೊಂಡು ಬದು ಕಿತ್ತಾಕಿದ. ಕಲ್ಲು ಮುಟ್ಟೋಕೆ ಮಾತ್ರ ಹೆದರಿದ." ಅಜ್ಜಿ ಎಲೆಯಡಿಕೆ ಉಗಿದಳು. "ಕೊಡಗನ್ನೇ ಮೈಸೂರಿಗೆ ಸೇರಿಸ್ತೀವಿ ಅಂತ ಓಡಾಡ್ತಾವ್ರೆ. ಇಲ್ಲಿ ಎರಡು ಗದ್ದೆ ಸೇರೋಕೆ ಇಬ್ಬರೂ ಸಾಯಬೇಕಾಯ್ತು."

ಕಾಮಾಕ್ಷಮ್ಮ ಆಗಲೇ ಕಲ್ಲಿಗೊಂದರಂತೆ ಎರಡು ಎಲೆ ಹಾಸುತ್ತಿದ್ದಳು.

"ಏನೇ ಇದು? ಆ ಕಳ್ಳನಿಗೆ ಒಂದು ಮೂಳೆ ಹಾಕಿದ್ರೂ ನಮ್ಮ ತಾತ ಎದ್ದು ಬರ್ತಾನೆ!"

"ಬರಲಿ ಬಿಡಿ. ಯಾವ ಕಲ್ಲಿನಡಿಯಿಂದ ಎದ್ರು ಅಂತಾದ್ರೂ ಗೊತ್ತಾಗುತ್ತೆ."

ಅಷ್ಟು ದೂರದಿಂದ ಹೊತ್ತು ತಂದದ್ದನ್ನು ವಾಪಸು ಹೊರುವ ಹೆಂಗಸಲ್ಲ ಅವಳು. ಆ ಎಲೆಗೊಂದು ತೊಡೆ, ಈ ಎಲೆಗೊಂದು ತೊಡೆ ಇಟ್ಟಳು. ಸಾರಾಯಿಯನ್ನೂ ಸಮನಾಗಿ ಸುರಿದಳು; ಬಾಟಲಿಯಲ್ಲಿ ಮಿಕ್ಕಿದ್ದನ್ನು ಕಾಳಮ್ಮಜ್ಜಿ ಯಾರೂ ಹೇಳದೆಯೇ ಇಸಿದುಕೊಂಡಳು. ಕಾಗೆ ಮುಟ್ಟಿದರೆ ಹಿರಿಯರು ಉಂಡಂತೆ. ಮೂವರೂ ದೂರ ಸರಿದು ಕಾದರು.

ಕಾಗೆಯೊಂದು ಬಂತು. ಎಡಗಡೆಯ ಎಲೆಯಿಂದ ತೊಡೆ ಕಚ್ಚಿಕೊಂಡು ಹಾರಿ, ಬಲಗಡೆಯ ಕಲ್ಲಿನ ನೆತ್ತಿಯ ಮೇಲೆ ಕೂತು ತಿನ್ನತೊಡಗಿತು.

"ಸದ್ಯ, ಉಂಡ್ರು! ಮಗಳ ದಾರಿ ಬಿಟ್ರು," ಎಂದು ಕಾಮಾಕ್ಷಮ್ಮ ಕೈ ಮುಗಿದಳು.

ಸಿದ್ದರಾಜು ಕುದಿದುಹೋದ. "ನೋಡಿದೆಯಾ ಆ ಸಣ್ಣಸ್ವಾಮೀನ? ಸತ್ತ ಮೇಲೂ ನಮ್ಮ ತಾತನ ಪಾಲಿಗೇ ಕೈ ಹಾಕ್ತಾನೆ!"

"ಕೈ ಹಾಕಿದ್ದು ಅವರೇ ಅಂತ ನಿಮಗೆ ಯಾರು ಹೇಳಿದ್ರು?" ಎಂದಳು ಕಾಮಾಕ್ಷಮ್ಮ, ಮುಗಿದ ಕೈ ಇಳಿಸದೆ.

ಸಿದ್ದರಾಜು ಎಡಗಡೆಯ ಕಲ್ಲನ್ನು ನೋಡಿದ, ಬಲಗಡೆಯದನ್ನು ನೋಡಿದ. ಕಾಗೆ ಕಲ್ಲಿಗೆ ಕೊಕ್ಕು ಒರೆಸಿಕೊಂಡು, ಇನ್ನೊಂದು ತೊಡೆಗೆಂದು ಕೆಳಗಿಳಿಯಿತು.