ಸೈಕಲ್ಲಿಗೆ ತೊಡಿಸಿದ ತೋಳು

ಚಳಿಯಲ್ಲಿ ಗಂಡನ ಕೈಕಾಲು ಬೆಚ್ಚಗಿಡುವುದರಲ್ಲಿ ಸುಮೇರಾಳನ್ನು ಮೀರಿಸುವ ಹೆಂಗಸು ಇಡೀ ಭದ್ರಾವತಿಯಲ್ಲೇ ಇರಲಿಲ್ಲ. ಇದರಲ್ಲಿ ಅರ್ಧ ಸುಳ್ಳು. ಕಾಲಿನ ಮಟ್ಟಿಗೆ ಮಾತ್ರ ನಿಜ. ಬೆಳಗಿನ ಜಾವ ಸೈಕಲ್ಲಿನಲ್ಲಿ ಬನ್ನು ಹಂಚುವ ಗಂಡ ಮುಸ್ತಕೀಮನ ಸಾಕ್ಸಿನ ಮೇಲೆ ಹಾಲಿನ ಕವರು ಕಟ್ಟಿ ಎದ್ದವಳಿಗೆ, ಹ್ಯಾಂಡಲ್ಲಿನ ಎರಡೂ ತುದಿಗೆ ತೊಡಿಸಿದ್ದ ರೆಕ್ಸಿನ್ ತೋಳುಗಳು ಕಂಡವು. ಒಳಗೆ ಹಾಸಿದ್ದ ನೀಲಿ ಹೂವಿನ ಬಟ್ಟೆ, ಆಟೋ ಸೀಟು ಹೊಲಿಯುವ ದಿವ್ಯಶ್ರೀಯ ಹಳೇ ಚೂಡಿದಾರದ್ದು.

“ಏನ್ರೀ, ಅವಳ ಬಟ್ಟೆಯೊಳಗೆ ಕೈ ಇಟ್ಕೊಂಡು ಊರೆಲ್ಲ ಸುತ್ತೀರಾ?”

“ಗಾಳಿ ಹೊಡೀಬಾರ್ದು ಅಂತ ಹೊಲ್ಕೊಟ್ಳು ಮಾರಾಯ್ತಿ. ಆಟೋದವ್ರಿಗೂ ಕೊಟ್ಟಿದಾಳೆ.”

“ಅವ್ರಿಗೂ ಚೂಡಿದಾರ ಹರಿದೇ ಕೊಟ್ಟಳಾ?”

ಸುಮೇರಾಳ ಹೊಟ್ಟೆಯಲ್ಲಿ ಎದ್ದ ಉರಿಗೆ ಹಿಡಿದಿದ್ದರೆ ಬುಟ್ಟಿಯ ಬನ್ನೆಲ್ಲ ಇನ್ನೊಮ್ಮೆ ಬೆಂದು ಕರಕಾಗುತ್ತಿತ್ತು. ಈ ತೋಳನ್ನು ಅವಳ ಮುಖಕ್ಕೇ ಎಸೆದು ಬರುತ್ತೇನೆಂದು, ಗಂಡನನ್ನು ಕವರು ಕಟ್ಟಿದ ಕಾಲಲ್ಲೇ ಬಾಗಿಲಲ್ಲಿ ನಿಲ್ಲಿಸಿ ತಾನೇ ಸೈಕಲ್ ಹತ್ತಿದಳು. ಜನ್ನಾಪುರದ ಮೊದಲ ತಿರುವಿಗೆ, ಮುಟ್ಟಲೂಬಾರದೆಂದುಕೊಂಡಿದ್ದ ತೋಳಿನೊಳಗೆ ಕೈ ತಾನಾಗಿಯೇ ಹೊಕ್ಕಿತು. ಮುಂದಿನ ತಿರುವಿಗೆ ಬೆರಳುಗಳು ಒಲೆಯ ಮುಂದೆ ಕೂತಷ್ಟು ಬೆಚ್ಚಗಾದವು. ಚಪ್ಪಲಿಯ ಕಾಲು ಮಾತ್ರ ಮರಗಟ್ಟಿ, ಇದೆಯೋ ಉದುರಿಹೋಯಿತೋ ತಿಳಿಯದಂತಾಯಿತು.

ದಿವ್ಯಶ್ರೀ ಮನೆ ಮುಂದೆ ರಂಗೋಲಿ ಹಾಕುತ್ತಿದ್ದವಳು ತಲೆ ಎತ್ತಿದಳು. “ಏನಕ್ಕಾ, ಇಷ್ಟೊತ್ತಿಗೇ?”

ಸುಮೇರಾ ಕೈಗಳನ್ನು ತೋಳಿನಿಂದ ಹೊರಗೆ ತೆಗೆಯಲೇ ಇಲ್ಲ. ಒಂದು ಕಾಲನ್ನು ಮಾತ್ರ ಅವಳ ಮುಂದೆ ಚಾಚಿದಳು. ಒದೆಯುವುದಕ್ಕೋ, ಅಳತೆ ಕೊಡುವುದಕ್ಕೋ, ನೀವೇ ಹೇಳಿ ನೋಡೋಣ.