ಡಿಂಪ್ನಾ ಕೊಟ್ಟ ಶ್ರುತಿ

ಆರ್ಗನ್ ಮುಂದೆ ಕೂತಿದ್ದ ಫೆಸ್ಟಸ್ ಒಂದು ಕೀ ಒತ್ತಿ ಹಿಡಿದದ್ದೇ ತಡ, ಓರ್ಲಾ ತನ್ನ ಹಾರ್ಪಿನಿಂದ ಕೈ ತೆಗೆದಳು. ಸ್ವರ ಚರ್ಚಿನ ಕಲ್ಲುಕಮಾನುಗಳ ತುಂಬ ಹರಡಿಕೊಂಡಿತು. ಸಾಲಾಗಿ ನಿಲ್ಲಿಸಿದ್ದ ಹದಿನಾಲ್ಕು ಹಾರ್ಪುಗಳ ಶ್ರುತಿ ಅದಕ್ಕಿಂತ ಕೆಳಗಿತ್ತು. ಸಂಗೀತದ ಗಂಧಗಾಳಿ ಇಲ್ಲದವನಿಗೂ ಹಲ್ಲು ಜುಮ್ಮೆನ್ನುವಷ್ಟು ಕೆಳಗೆ. ಕಾರ್ಯಕ್ರಮಕ್ಕೆ ಇನ್ನು ಒಂದೇ ಗಂಟೆ.

“ಏನಪ್ಪಾ ಫೆಸ್ಟಸ್, ನಿನ್ನ ಆರ್ಗನ್ನು ಅಟ್ಟ ಹತ್ತಿ ಕೂತಿದೆಯಲ್ಲ!” ಎಂದರು ಡಿಂಪ್ನಾ. ಈ ಹಾರ್ಪು ಮೇಳ ಕಟ್ಟಿದಾಕೆ, ಎಪ್ಪತ್ತಾರು ವರ್ಷ. ದನಿಯ ಠೇಂಕಾರ ಮಾತ್ರ ಇಪ್ಪತ್ತಾರರದ್ದು.

“ಹೋದ ತಿಂಗಳು ತಾನೇ ಶ್ರುತಿ ಮಾಡಿಸಿದ್ದೀವಿ, ಡಿಂಪ್ನಾ.”

“ಮಾಡಿದವನು ಕಿವಿಗೆ ಹತ್ತಿ ತುರುಕಿಕೊಂಡಿದ್ದನೇನೋ!”

ಬೇರೆ ದಿನವಾಗಿದ್ದರೆ ಮೇಳದವರೆಲ್ಲ ಗೊಳ್ಳೆಂದು ನಗುತ್ತಿದ್ದರು. ಇವತ್ತು ಒಬ್ಬರೂ ತಲೆ ಎತ್ತಲಿಲ್ಲ. ತಪ್ಪು ಆರ್ಗನ್ನಿನದಲ್ಲ ಎಂದು ಹದಿಮೂರು ಜನರಿಗೂ ಗೊತ್ತಿತ್ತು.

ಲೀಟ್ರಿಮ್‌ನ ಹಾಲಿನ ಡೇರಿಯ ಹಿಂದಿನ ಕೋಣೆಯಲ್ಲಿ, ಎರಡು ಹಾರ್ಪು ಮೂವರು ಹುಡುಗಿಯರಿಂದ ಶುರುವಾದ ಮೇಳ ಇದು. ಆ ಮೂವರಲ್ಲಿ ಓರ್ಲಾ ಒಬ್ಬಳು. ಈಗ ಅವಳಿಗೇ ನಲವತ್ತೆರಡು. ಕುದುರೆ ಸಾಗಿಸುವ ಗಾಡಿಯಲ್ಲಿ ಹಾರ್ಪು ಹೇರಿಕೊಂಡು ಐರ್ಲೆಂಡೆಲ್ಲ ಸುತ್ತಿ, ಕಡಲು ದಾಟಿ ಜಪಾನಿನವರೆಗೂ ಹೋಗಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದವರು. ಶ್ರುತಿ ನೋಡುವ ಯಂತ್ರವನ್ನು ಡಿಂಪ್ನಾ ಹತ್ತಿರಕ್ಕೂ ಬಿಟ್ಟುಕೊಂಡವರಲ್ಲ. ನೆನಪಿನಿಂದಲೇ ಒಂದು ತಂತಿಯ ಶ್ರುತಿ ಕೂಡಿಸಿ ಮೀಟುತ್ತಿದ್ದರು. ಉಳಿದವರು ಅದಕ್ಕೆ ಸರಿಯಾಗಿ ತಮ್ಮ ತಮ್ಮ ಮೂವತ್ತನಾಲ್ಕು ತಂತಿಗಳನ್ನು ಕೂಡಿಸಿಕೊಳ್ಳಬೇಕು. ಅಷ್ಟು ವರ್ಷ ಆ ಸ್ವರ ಕೂದಲೆಳೆಯಷ್ಟೂ ಅಲುಗಲಿಲ್ಲ. ಎರಡು ವರ್ಷದ ಹಿಂದೆ, ಎನ್ನಿಸ್ ಊರಿನಲ್ಲಿ, ಮೊದಲ ಸಲ ಜಾರಿತು. ವಯಸ್ಸಾದ ಕಿವಿಗೆ ಸ್ವರಗಳೆಲ್ಲ ಇದ್ದುದಕ್ಕಿಂತ ಏರಿ ಕೇಳತೊಡಗಿದ್ದವು. ಹಾಗಾಗಿ ಅವರು ತಂತಿಯನ್ನು ಇಳಿಸುತ್ತ ಹೋದರು. “ಅವರು ಇಳಿದರೆ ನಾವೂ ಇಳಿಯೋಣ, ಬಿಡ್ರೋ,” ಎಂದು ಮೇಳದ ಡೊನಾಲ್ ಅವತ್ತು ಪಿಸುಗುಟ್ಟಿದ್ದ. ಹಾರ್ಪಿನ ಜೊತೆ ಹಾರ್ಪು ಇಳಿದರೆ ಯಾರಿಗೆ ಗೊತ್ತಾಗುತ್ತದೆ? ಅಂದಿನಿಂದ ಶ್ರುತಿ ಬದಲಿಸಲಾಗದ ಯಾವ ವಾದ್ಯವನ್ನೂ ಅವರು ಜೊತೆಗೆ ಸೇರಿಸಿರಲಿಲ್ಲ. ಈ ಸ್ಲೈಗೋ ಊರಿನ ಪಾದ್ರಿ ಮಾತ್ರ ಯಾರನ್ನೂ ಕೇಳದೆ ಕೊನೆಯ ಹಾಡಿಗೆ ಆರ್ಗನ್ ಹಾಕಿಸಿಬಿಟ್ಟಿದ್ದರು.

“ಹೌದು ಹೌದು, ಆರ್ಗನ್ನೇ ಏರಿದೆ,” ಎಂದು ಡೊನಾಲ್ ನಡುವೆ ಬಾಯಿ ಹಾಕಿದ.

“ಹಾಗಾದರೆ ಆರ್ಗನ್ ಬೇಡ. ಯಾಕೆ ಬೇಡ ಅಂತ ಜನರ ಎದುರಿಗೇ ಹೇಳ್ತೀನಿ,” ಎಂದರು ಡಿಂಪ್ನಾ.

ಫೆಸ್ಟಸ್ ಹದಿಮೂರು ಮುಖಗಳನ್ನೂ ಒಂದೊಂದಾಗಿ ನೋಡಿದ. ಅವನಿಗೆ ಅರ್ಥವಾಯಿತು. ಇಪ್ಪತ್ತು ವರ್ಷದಿಂದ ಇದೇ ಊರಿನವರ ಮುಂದೆ ನುಡಿಸಿಕೊಂಡು ಬಂದ ಮನುಷ್ಯ, ಕೀಯಿಂದ ಬೆರಳು ತೆಗೆದು, “ಇದ್ದರೂ ಇರಬಹುದು. ಹಳೇ ಆರ್ಗನ್ನು,” ಎಂದ.

ಓರ್ಲಾಗೆ ಅದನ್ನು ನೋಡಲಾಗಲಿಲ್ಲ. ನಿಜ ಹೇಳಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಕಿವಿ ಕೈಕೊಟ್ಟ ದಿನ ಹಾರ್ಪಿಗೆ ಮುಸುಕು ಹಾಕಿ ಮನೆಯಲ್ಲಿ ಕೂರುತ್ತೇನೆ ಎಂದು ಡಿಂಪ್ನಾ ಎಷ್ಟು ಸಲ ಹೇಳಿಲ್ಲ! ಹೇಳಿದ್ದನ್ನು ಮಾಡದೆ ಬಿಡುವ ಹೆಂಗಸೂ ಅಲ್ಲ.

“ಡಿಂಪ್ನಾ, ಆರ್ಗನ್ ಸರಿಯಾಗೇ ಇದೆ. ನೀವು ಕೊಟ್ಟ ಸ್ವರ ಕೆಳಗಿದೆ.”

ಡೊನಾಲ್ ಕಣ್ಣು ಮುಚ್ಚಿಕೊಂಡ. ಡಿಂಪ್ನಾ ಓರ್ಲಾಳತ್ತ ತಿರುಗಿದರು.

“ಇವತ್ತು ಮಾತ್ರಾನಾ?”

“ಎನ್ನಿಸ್‌ನಿಂದ.”

“ಎರಡು ವರ್ಷ! ಅಲ್ವೇ ಹುಡುಗಿ, ಎರಡು ವರ್ಷ ನನಗೋಸ್ಕರ ತಂತಿ ಇಳಿಸೋದು, ಮನೆಗೆ ಹೋಗಿ ಮತ್ತೆ ಏರಿಸೋದು, ಇದೇ ಕೆಲಸವಾ ನಿಮಗೆಲ್ಲ?”

“ಏರಿಸೋದು ಬಿಟ್ಟು ಎಷ್ಟೋ ಕಾಲ ಆಯ್ತು. ಮನೇಲೂ ನಿಮ್ಮ ಸ್ವರದಲ್ಲೇ ಇಟ್ಕೊಂಡಿದ್ದೀವಿ.”

“ಕತ್ತೆಗಳಾ,” ಎಂದರು ಡಿಂಪ್ನಾ. ಅವರ ಕಣ್ಣು ತುಂಬಿತ್ತು. ಪಕ್ಕದ ಬೆಂಚಿನ ಮೇಲೆ ಅವರ ಹಾರ್ಪಿನ ಹಸಿರು ಮುಸುಕು ಬಿದ್ದಿತ್ತು. ಅವರ ಕೈ ಅದರತ್ತ ಹೋದಾಗ, ಮುಗಿಯಿತು ಎಂದುಕೊಂಡಳು ಓರ್ಲಾ. ಡಿಂಪ್ನಾ ಮುಸುಕನ್ನು ಒತ್ತಟ್ಟಿಗೆ ಸರಿಸಿ, ಅದರಡಿ ಇದ್ದ ತಂತಿ ತಿರುಗಿಸುವ ಕೀಲಿಯನ್ನು ತೆಗೆದು ಅವಳ ಕೈಗಿಟ್ಟರು.

“ಫೆಸ್ಟಸ್, ತಪ್ಪಾಯ್ತು ಕಣಪ್ಪಾ. ಆ ಸ್ವರ ಇನ್ನೊಂದ್ಸಲ ಹಿಡಿ. ಓರ್ಲಾ, ನನ್ನ ಹಾರ್ಪನ್ನ ನೀನೇ ಕೂಡಿಸು. ನನ್ನ ಕಿವಿ ಒಪ್ಪಲ್ಲ, ಅದರ ಮಾತು ಕೇಳಬೇಡ.”

ಹದಿನಾಲ್ಕು ಹಾರ್ಪು, ಐನೂರರ ಹತ್ತಿರ ತಂತಿ. ಎರಡು ತಂತಿ ಟಣ್ಣೆಂದು ಹರಿದವು, ಹೊಸವನ್ನು ಕಟ್ಟಿದರು. ಬೆವರು ಒರೆಸಿಕೊಳ್ಳುವುದಕ್ಕೂ ಪುರುಸೊತ್ತಿಲ್ಲದೆ ನಾಲ್ಕು ಗಂಟೆಗೆ ಸರಿಯಾಗಿ ಮೇಳ ಕಾರ್ಯಕ್ರಮ ಶುರುಮಾಡಿತು. ನುಡಿಸುತ್ತಲೇ ಓರ್ಲಾ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಮೊದಲ ಹಾಡಿಗೇ ಡಿಂಪ್ನಾರ ಹುಬ್ಬು ಗಂಟಿಕ್ಕಿತು, ಮತ್ತೆ ಸಡಿಲವಾಗಲೇ ಇಲ್ಲ. ಬೆರಳುಗಳು ಮಾತ್ರ ಒಂದೇ ಒಂದು ಕಡೆಯೂ ತಡವರಿಸಲಿಲ್ಲ. ಕೊನೆಗೆ ಆರ್ಗನ್ ಕೂಡಿಕೊಂಡಾಗ ಇಡೀ ಚರ್ಚು ಎದ್ದು ನಿಂತಿತು.

ಜನ ಕರಗಿದ ಮೇಲೆ ಓರ್ಲಾ ಅಳುಕುತ್ತ ಹತ್ತಿರ ಹೋದಳು.

“ಹೇಗಿತ್ತು, ಡಿಂಪ್ನಾ?”

“ಶುರುವಿಂದ ಕೊನೇವರೆಗೂ ಒಂದು ತಂತಿಯೂ ನನ್ನ ಕಿವಿಗೆ ಸರಿ ಕೇಳಲಿಲ್ಲ ಕಣೇ,” ಎಂದರು ಡಿಂಪ್ನಾ, ಬೆರಳು ನೀವಿಕೊಳ್ಳುತ್ತ. “ನಾಳೆ ಮುಂದಿನ ಊರಿಗೆ ಎಷ್ಟು ಹೊತ್ತಿಗೆ ಹೊರಡೋದು?”